ಕಪ್ಪೆಗೆ ಕಟ್ಟಿದ ಮನೆ

ನಮ್ಮ ಮನೆಯ ಹಜಾರ ಹಗಲುಹೊತ್ತು ನಮ್ಮದಾಗಿರಲಿಲ್ಲ. ಊರಿನ ಅಂಗನವಾಡಿ ಕಟ್ಟಡದ ಹೆಂಚು ಒಂದು ಬಿರುಗಾಳಿಗೆ ಹಾರಿಹೋದ ಮೇಲೆ, ರಿಪೇರಿ ಆಗುವ ತನಕ ಎಂದು ಅವ್ವ ಮಕ್ಕಳನ್ನು ನಮ್ಮ ಮನೆಗೇ ಕರೆತಂದಳು. ಅವ್ವ ಆ ಅಂಗನವಾಡಿಯ ಟೀಚರ್. ರಿಪೇರಿ ಆಗಲೇ ಇಲ್ಲ. ಹಜಾರದ ಗೋಡೆಯಲ್ಲಿ ದೇವರ ಪಟಗಳಿದ್ದ ಜಾಗಕ್ಕೆ ಕರಿಹಲಗೆ ಬಂತು, ಪಟಗಳು ನಡುಮನೆಗೆ ಹೋದವು. ಬಲಕ್ಕೆ ಕೊಟ್ಟಿಗೆ, ಹಿತ್ತಲಲ್ಲಿ ಹೊಗೆಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ನು. ಹೀಗಾಗಿ ನನ್ನ ಮೂಗಿನಲ್ಲಿ ಇವತ್ತಿಗೂ ಆ ಮನೆ ಎಂದರೆ ಸಗಣಿ, ಹೊಗೆಸೊಪ್ಪು ಮತ್ತು ಮಕ್ಕಳಿಗೆ ಬೇಯುತ್ತಿದ್ದ ಗೋಧಿ ಉಪ್ಪಿಟ್ಟು ಮೂರೂ ಬೆರೆತ ಒಂದೇ ವಾಸನೆ. ಅಪ್ಪನ ತಾಯಿ, ನಮ್ಮ ಅಜ್ಜಿ, ಇದನ್ನು ಒಪ್ಪಿಕೊಳ್ಳಲಿಲ್ಲ. ಕೆರೆಯಾಚೆಯ ಕೇರಿಯ ಮಕ್ಕಳೂ ಬಂದು ಹಜಾರದಲ್ಲಿ ಕೂರುತ್ತಿದ್ದದ್ದು ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಮಕ್ಕಳು ಉಂಡು ಹೋದ ಮೇಲೆ ಒಂದು ಚೆಂಬಿನಲ್ಲಿ ಗಂಜಲ ತಂದು ಹಜಾರದ ತುಂಬ ಚಿಮುಕಿಸುತ್ತಿದ್ದಳು. ಅವ್ವ ಪಾತ್ರೆ ತೊಳೆಯುತ್ತ ಅದನ್ನು ನೋಡಿಯೂ ನೋಡದವಳಂತೆ ಇರುತ್ತಿದ್ದಳು. ಕೆಲವು ದಿನ ಮಾತ್ರ ತಡೆಯಲಾಗದೆ ಅಂದುಬಿಡುತ್ತಿದ್ದಳು.

“ಮಕ್ಳು ಕಣತ್ತೆ ಅವು. ಮಕ್ಳಿಗೆಂಥ ಮೈಲಿಗೆ?”

“ಮಕ್ಳಿಗಿಲ್ಲ, ನನ್ ಮನೇಗದೆ. ನೀನು ನಿನ್ ಕೆಲ್ಸ ಮಾಡ್ಕ, ನಾನು ನನ್ ಕೆಲ್ಸ ಮಾಡ್ಕತೀನಿ” ಎಂದು ಅಜ್ಜಿ ಚೆಂಬು ಬೋರಲು ಹಾಕುತ್ತಿದ್ದಳು.

ಇಬ್ಬರೂ ಅವರವರ ಕೆಲಸವನ್ನು ಒಂದು ದಿನವೂ ತಪ್ಪಿಸಲಿಲ್ಲ. ಅಪ್ಪ ಈ ಜಗಳಕ್ಕೆ ತಲೆ ಹಾಕುತ್ತಿರಲಿಲ್ಲ. ಕಡಿಮೆ ಮಾತಿನ ಮನುಷ್ಯ. ಹೊಲ, ಎತ್ತು, ಬ್ಯಾರನ್ನು ಇಷ್ಟೇ ಅವನ ಲೋಕ. ನಾನು ಒಬ್ಬಳೇ ಮಗಳು, ನಾಲ್ಕನೇ ಕ್ಲಾಸು. ಬೇಸಿಗೆ ರಜದಲ್ಲಿ ಅವ್ವನ ಅಂಗನವಾಡಿಯಲ್ಲಿ ಮಕ್ಕಳ ಮೂಗು ಒರೆಸುವುದು, ಸ್ಲೇಟು ಜೋಡಿಸುವುದು ನನ್ನ ಪಾಲು.

ಆ ಬೇಸಿಗೆಯಲ್ಲಿ ಅವ್ವ ಪಿರಿಯಾಪಟ್ಟಣದ ತರಬೇತಿಗೆ ಹೋಗಿ ಬಂದಳು. ಅಲ್ಲಿ ಒಂದು ಚಾರ್ಟು ಕೊಟ್ಟಿದ್ದರು: ಗುಹೆಯೊಳಗೆ ಮುದುಡಿ ಮಲಗಿದ ಕರಡಿ, ಹೊರಗೆಲ್ಲ ಬೆಳ್ಳಗೆ ಹಿಮ. ಕೆಲವು ಪ್ರಾಣಿಗಳು ಕಷ್ಟದ ಕಾಲದಲ್ಲಿ ತಿಂಗಳುಗಟ್ಟಲೆ ನಿದ್ದೆ ಮಾಡುತ್ತವೆ, ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸದೆ ಅವರ ಕೈಯಿಂದಲೇ ಕಟ್ಟಿಸಿ ಕಲಿಸಿ ಎಂದು ಹೇಳಿ ಕಳಿಸಿದ್ದರು. ಅವ್ವ ಚಾರ್ಟನ್ನು ಕರಿಹಲಗೆಯ ಮೇಲೆ ತೂಗುಹಾಕಿ ಇದೇನು ಎಂದು ಕೇಳಿದಳು. ಮಕ್ಕಳು ಹತ್ತಿ ಎಂದರು. ಒಬ್ಬ ಅವಲಕ್ಕಿ ಎಂದ. ಆ ಬಿಸಿಲಿನಲ್ಲಿ, ಹೆಂಚು ಕಾದು ಹಜಾರವೆಲ್ಲ ಬೇಯುತ್ತಿರುವಾಗ, ಹಿಮದ ಚಳಿಗೆ ಹೆದರಿ ಮಲಗುವ ಕರಡಿಯನ್ನು ಅವರಿಗೆ ಹೇಗೆ ಅರ್ಥ ಮಾಡಿಸುವುದೋ ಅವ್ವನಿಗೆ ಹೊಳೆಯಲಿಲ್ಲ. ಚಾರ್ಟು ಸುತ್ತಿ ಅಟ್ಟಕ್ಕೆ ಇಟ್ಟಳು.

ಆ ವಾರವೇ ಅಪ್ಪ ಕೆರೆಯಿಂದ ಗೋಡು ಹೊಡೆಯಲು ಶುರುಮಾಡಿದ್ದ. ನಮ್ಮ ಕಡೆ ಕೆರೆಯ ಹೂಳುಮಣ್ಣಿಗೆ ಗೋಡು ಎನ್ನುತ್ತಾರೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಊರವರೆಲ್ಲ ಅಲ್ಲಿಂದ ಮಣ್ಣು ಕಡಿದು, ಗಾಡಿಗೆ ತುಂಬಿ, ಹೊಗೆಸೊಪ್ಪಿನ ಹೊಲಕ್ಕೆ ಸುರಿಯುತ್ತಾರೆ. ಒಂದು ದಿನ ಅಪ್ಪ ಒಂದು ದಪ್ಪ ಹೆಂಟೆಯನ್ನು ಟವಲಿನಲ್ಲಿ ಸುತ್ತಿ ತಂದು ಅವ್ವನ ಮುಂದೆ ಇಟ್ಟ. ಹೆಂಟೆಯ ಒಂದು ಮಗ್ಗುಲು ಒಡೆದಿತ್ತು. ಒಳಗೆ ಮಣ್ಣಿನ ಬಣ್ಣದ್ದೇ ಒಂದು ದೊಡ್ಡ ಕಪ್ಪೆ, ಕಾಲು ಮಡಚಿ, ಕಣ್ಣು ಮುಚ್ಚಿ, ಕಲ್ಲಿನಂತೆ ಕುಳಿತಿತ್ತು. ನಾನು ಸತ್ತಿದೆ ಎಂದುಕೊಂಡೆ. ಅಪ್ಪ ಬೆರಳ ತುದಿಯಲ್ಲಿ ಒಂದು ಹನಿ ನೀರು ಬಿಟ್ಟ. ಬಹಳ ಹೊತ್ತಿನ ಮೇಲೆ ಅದರ ಗಂಟಲು ಒಂದು ಸಲ ಅಲ್ಲಾಡಿತು.

“ನಿನ್ ಮಕ್ಳಿಗೆ ತೋರ್ಸಕ್ಕೆ ಆಯ್ತದಾ ನೋಡು” ಎಂದ. ಅವ್ವನ ಕೆಲಸದ ಬಗ್ಗೆ ಅಪ್ಪ ತಾನಾಗಿ ಆಡಿದ ಮಾತು ನಾನು ಕೇಳಿದ್ದರಲ್ಲಿ ಅದೇ ಮೊದಲು. ಅವ್ವನ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಮಾರನೆಯ ದಿನದಿಂದ ನಮ್ಮ ಹಿತ್ತಲು ಮಣ್ಣಿನ ಕಾರ್ಖಾನೆಯಾಯಿತು. ಕಪ್ಪೆಯನ್ನು ಹೆಂಟೆಯ ಸಮೇತ ಬಕೆಟ್ಟಿನ ಒದ್ದೆ ಗೋಡಿನಲ್ಲಿ ಹುದುಗಿಸಿ ನೆರಳಲ್ಲಿಟ್ಟು, ಇದಕ್ಕೆ ಮಳೆ ಬರುವ ತನಕ ಮಲಗಲು ಒಂದು ಮನೆ ಬೇಕು, ಎಂಥ ಮನೆ ಕಟ್ಟೋಣ ಎಂದು ಅವ್ವ ಮಕ್ಕಳನ್ನು ಕೇಳಿದಳು. ಮಕ್ಕಳು ಗುಂಪುಗುಂಪಾಗಿ ಕಟ್ಟಿದರು. ಒಂದು ಗುಂಪಿನದು ಮರಳಿನ ಮನೆ, ಒಂದರದು ಕೆಮ್ಮಣ್ಣು, ಇನ್ನೊಂದರದು ಗೋಡು. ಕಪ್ಪೆಯ ಬದಲಿಗೆ ಪ್ರತಿ ಮನೆಯೊಳಗೂ ಒಂದು ಒದ್ದೆ ಬಟ್ಟೆಯ ಉಂಡೆ. ಮನೆಗಳನ್ನು ಬ್ಯಾರನ್ನಿನ ಪಕ್ಕ ಬಿಸಿಲಿಗೆ ಇಡುವುದು, ಎರಡು ದಿನ ಬಿಟ್ಟು ಒಡೆದು ಬಟ್ಟೆ ಮುಟ್ಟಿ ನೋಡುವುದು. ಮರಳಿನ ಮನೆಯ ಬಟ್ಟೆ ಹಪ್ಪಳದಂತೆ ಗರಿಗರಿಯಾಗಿರುತ್ತಿತ್ತು. ಕಪ್ಪೆ ಸತ್ತೋಯ್ತು, ಕಪ್ಪೆ ಸತ್ತೋಯ್ತು ಎಂದು ಮಕ್ಕಳು ಕೂಗುತ್ತಿದ್ದರು. ಮತ್ತೆ ಕಟ್ಟುತ್ತಿದ್ದರು. ಗೋಡೆ ದಪ್ಪ ಮಾಡಿದರು, ಬಾಗಿಲನ್ನು ನೇರಕ್ಕೆ ಇಡದೆ ಓರೆಗೆ ತಿರುಗಿಸಿದರು. ಸೂರು ಕುಸಿದಾಗ ಹುಲ್ಲು ಕತ್ತರಿಸಿ ಮಣ್ಣಿಗೆ ಬೆರೆಸಿದರು. ಹಿತ್ತಲ ಬಾಗಿಲಲ್ಲಿ ನಿಂತು ಅಜ್ಜಿ ಗೊಣಗುತ್ತಿದ್ದಳು: “ಅಕ್ಸರ ಕಲಿಸೇ ಅಂದ್ರೆ ಕೆಸ್ರು ಕಲಸ್ತಾವ್ಳೆ.”

ಈ ಕೆಲಸದಲ್ಲಿ ಎಲ್ಲರಿಗಿಂತ ಮುಂದಿದ್ದವಳು ಮಾದೇವಿ. ಕೆರೆಯಾಚೆಯ ನಿಂಗಮ್ಮನ ಒಬ್ಬಳೇ ಮಗಳು, ಐದು ವರ್ಷ. ನಿಂಗಮ್ಮ ಹೊಗೆಸೊಪ್ಪಿನ ಕಾಲದಲ್ಲಿ ನಮ್ಮ ಬ್ಯಾರನ್ನಿಗೆ ಸೊಪ್ಪು ಕಟ್ಟಲು, ಬೇಸಿಗೆಯಲ್ಲಿ ಗಾಡಿಗಳಿಗೆ ಗೋಡು ತುಂಬಲು ಬರುವವಳು. ಗಂಡ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದವನು, ಹಬ್ಬಕ್ಕೂ ಬರುವ ಖಾತರಿಯಿರಲಿಲ್ಲ. ಮಾದೇವಿ ತುಂಬ ಹಟಮಾರಿ. ಬೇರೆಯವರು ಕಟ್ಟಿದ್ದು ಸರಿಯಿಲ್ಲ ಎಂದರೆ ಕೆಡವಿ ತಾನೇ ಕಟ್ಟುವಳು. ಉಪ್ಪಿಟ್ಟು ಬಡಿಸಿದರೂ ಕೈ ತೊಳೆಯಲು ಏಳುತ್ತಿರಲಿಲ್ಲ. ಕೊನೆಗೆ ಅವಳು ಕಟ್ಟಿದ ಒಂದು ಮನೆ ಬಿಸಿಲಿನಲ್ಲಿ ವಾರ ನಿಂತಿತು. ಒಡೆದಾಗ ಒಳಗಿನ ಬಟ್ಟೆ ಇನ್ನೂ ತಣ್ಣಗಿತ್ತು. ಅದನ್ನು ಎಲ್ಲರ ಕೆನ್ನೆಗೂ ಒತ್ತಿ ಒತ್ತಿ ತೋರಿಸಿದಳು. ಹಿತ್ತಲ ಬಾಗಿಲಲ್ಲಿದ್ದ ಅಜ್ಜಿಯ ಹತ್ತಿರವೂ ಓಡಿದಳು. ಅಜ್ಜಿ ಹಿಂದಕ್ಕೆ ಸರಿದಳು.

ಒಂದು ಭಾನುವಾರ ಅಂಗನವಾಡಿಗೆ ರಜ. ಮಾದೇವಿಯನ್ನು ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲವಾಗಿ ನಿಂಗಮ್ಮ ಅವಳನ್ನೂ ಕೆರೆಗೆ ಕರೆದುಕೊಂಡು ಹೋಗಿದ್ದಳು. ನಾನು ಅಪ್ಪನಿಗೆ ಬುತ್ತಿ ಕೊಡಲು ಹೋಗಿದ್ದೆ. ಮಧ್ಯಾಹ್ನದ ಊಟದ ಹೊತ್ತು, ಎಲ್ಲರೂ ಏರಿಯ ಹೊಂಗೆ ಮರದ ಕೆಳಗೆ ಕೂತಿದ್ದರು. ಮಣ್ಣು ಕಡಿದ ಗುಂಡಿ ಅಲ್ಲಿಂದ ಸ್ವಲ್ಪ ದೂರದಲ್ಲಿತ್ತು. ವರ್ಷವರ್ಷವೂ ಕಡಿದು ಕಡಿದು ಅದರ ಒಂದು ದಡ ಆಳೆತ್ತರವಾಗಿತ್ತು. ಮೇಲಿನ ಮಣ್ಣು ಬಿಸಿಲಿಗೆ ಗಟ್ಟಿ, ಕೆಳಗಿನದು ತೇವದಿಂದ ಮೆದು. ಮೆದು ಇರುವ ಕಡೆ ಕಡಿಯುವುದು ಸುಲಭ ಎಂದು ಎಲ್ಲರೂ ಕೆಳಗೇ ಕೊರೆದಿದ್ದರು. ನಾನು ಬುತ್ತಿ ಬಿಚ್ಚುತ್ತಿದ್ದಾಗ ಗುಂಡಿಯ ಕಡೆಯಿಂದ ದೊಪ್ಪನೆ ಏನೋ ಬಿದ್ದ ಸದ್ದಾಯಿತು. ಜೋರಿನ ಸದ್ದೇನಲ್ಲ, ಮೂಟೆ ಇಳಿಸಿದಂತೆ. ಯಾರೂ ಏಳಲಿಲ್ಲ. ಆಮೇಲೆ ಮಾದೇವಿಯ ಜೊತೆ ಆಡುತ್ತಿದ್ದ, ಅವಳಿಗಿಂತ ಚಿಕ್ಕ ಹುಡುಗಿಯೊಬ್ಬಳು ಒಂದು ಕೈಯಲ್ಲಿ ತೆಂಗಿನ ಕರಟ, ಇನ್ನೊಂದರಲ್ಲಿ ಹುಲ್ಲು ಹಿಡಿದು ಏರಿ ಹತ್ತಿ ಬಂದಳು.

“ಮಾದೇವಿ ಮನೆಯೊಳಗವ್ಳೆ. ಬಾಗ್ಲು ಮುಚ್ಚು ಅಂದ್ಲು. ನಾನು ಮುಚ್ಚಕ್ಕೆ ಮುಂಚೇನೇ ಮುಚ್ಕತು.”

ಮೊದಲು ಎದ್ದವನು ಅಪ್ಪ. ಹಾರೆ ಹಾಕಿದರೆ ಮಗುವಿಗೆ ತಗುಲಬಹುದೆಂದು ಎಲ್ಲರೂ ಬರಿಗೈಯಲ್ಲಿ ಮಣ್ಣು ಎಳೆದರು. ನಿಂಗಮ್ಮನೂ ಎಳೆದಳು. ಮೇಲಿಂದ ಮತ್ತೆ ಮಣ್ಣು ಜಾರುತ್ತಿತ್ತು, ಅವಳ ಸೊಂಟದ ತನಕ ಬಂತು, ಹೆಂಗಸರು ಅವಳನ್ನು ಎಳೆದುಕೊಂಡು ಹೋಗಿ ಮರದ ಕೆಳಗೆ ಅದುಮಿ ಹಿಡಿದರು. ಅವಳು ಅಳುತ್ತಿರಲಿಲ್ಲ. ಮಗಳ ಹೆಸರನ್ನು, ಮನೆಯಿಂದ ಬೀದಿಗೆ ಕೂಗಿ ಕರೆಯುವಂತೆ, ಬಾರೇ, ಸಾಕು ಬಾರೇ ಎಂದು ಕರೆಯುತ್ತಿದ್ದಳು. ಅಪ್ಪ ಮಾದೇವಿಯನ್ನು ಹೊರಗೆ ತೆಗೆದಾಗ ಅವಳಲ್ಲಿ ಉಸಿರಿರಲಿಲ್ಲ. ಅಷ್ಟು ಹೊತ್ತಿಗೆ ಊರೆಲ್ಲ ಬಂದಿತ್ತು. ಅವ್ವ ಬಂದು ಗುಂಡಿಯ ಅಂಚಿನಲ್ಲೇ ನಿಂತುಬಿಟ್ಟಳು, ಹತ್ತಿರ ಬರಲಿಲ್ಲ. ಬಂದವಳು ಅಜ್ಜಿ. ಕೆರೆಯ ಮೂಲೆಯಲ್ಲಿ ಉಳಿದಿದ್ದ ನೀರಿನ ಹತ್ತಿರ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಮುಖ, ಕೈಕಾಲು ತೊಳೆದಳು. ತನ್ನ ಸೆರಗನ್ನೇ ಹರಿದು ಕತ್ತಿನ ತನಕ ಬಿಗಿಯಾಗಿ ಸುತ್ತಿ, ಮುಖವೊಂದನ್ನೇ ಬಿಟ್ಟು, ತಾಯಿಯ ಕೈಗೆ ಕೊಟ್ಟಳು. ಅದೇ ಸಂಜೆ ಮಾದೇವಿಯನ್ನು ಮಣ್ಣು ಮಾಡಿದರು. ಬೇರೆ ಮಾತು ನಮ್ಮ ಭಾಷೆಯಲ್ಲಿ ಇರಲಿಲ್ಲ. ಮಣ್ಣಿನಿಂದ ತೆಗೆದವಳನ್ನು ಮಣ್ಣು ಮಾಡಿದರು.

ಮಾರನೆಯ ಬೆಳಿಗ್ಗೆ ಊರಿನ ಗಂಡಸರು ನಮ್ಮ ಮನೆಯ ಮುಂದೆ ಸೇರಿದರು. ಕರಟ ಹಿಡಿದು ಬಂದ ಹುಡುಗಿಯ ಮಾತು ಆಗಲೇ ಮನೆಮನೆಗೂ ಹೋಗಿತ್ತು.

“ಟೀಚರಮ್ಮ ಈಚೆಗ್ ಬರ್ಲಿ. ಮಕ್ಳಿಗೆ ಮಣ್ಣೊಳಕ್ಕೆ ಓಗಿ ಮನಿಕಳದು ಏಳ್ಕೊಡದಾ ಪಾಟ ಅಂದ್ರೆ?”

ಅವ್ವ ಹಜಾರದ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅಪ್ಪ ಕಂಬದ ಹತ್ತಿರ ನಿಂತಿದ್ದ. ಬಾಗಿಲಿಗೆ ಹೋಗಿ ನಿಂತವಳು ಅಜ್ಜಿ. ಅವಳೂ ಸೊಸೆಯನ್ನು ಬೈಯುತ್ತಾಳೆ ಎಂದೇ ನಾನು ಕಾದಿದ್ದೆ.

“ಮೊಗ ಮನಿಕಳಕ್ಕೆ ಓಯ್ತು ಸರಿ. ಆ ದಡ ಕೊರ್ದು ಕೊರ್ದು ಅಂಗೇ ನೇತಾಡಕ್ ಬುಟ್ಟೋರು ಯಾರ್ರಲಾ? ಗೋಡು ಒಡ್ಕಂಬಂದು ಒಲಕ್ಕೆ ಸುರ್ಕಂಡೋರು ಯಾರು? ನನ್ ಮಗನೂ ಸೇರ್ಕಂಡೇ ಏಳ್ತಾ ಇವ್ನಿ, ಅದೇ ಗುಂಡೀಲಿ ಎಲ್ರೂ ಗಾಡಿ ತುಂಬ್ಲಿಲ್ವಾ?”

ಗಂಡಸರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಆದರೆ ಆ ಮಾತು ಬೀದಿಗೆ ಎಷ್ಟು ಹೋಯಿತೋ ಅಷ್ಟೇ ಮನೆಯೊಳಗೂ ಬಂತು. ಅವರು ಹೋದ ಮೇಲೆ ಅಪ್ಪ ಅವ್ವನ ಕಡೆ ತಿರುಗಿ, ದನಿ ಏರಿಸದೆ, “ನಿನ್ ಪಾಟ” ಎಂದ. ಅವ್ವ ತಲೆಯೆತ್ತದೆ, “ನಿನ್ ಗುಂಡಿ” ಎಂದಳು. ಅವರಿಬ್ಬರೂ ಆ ದಿನ ಆಡಿಕೊಂಡ ಮಾತು ಅಷ್ಟೇ. ಆಮೇಲೆ ಬಹಳ ಕಾಲ ಅಷ್ಟೂ ಆಡಲಿಲ್ಲ.

ಮೇಲಿನ ಕಚೇರಿಯಿಂದ ಬಂದವರು ಅವ್ವನಿಗೆ ಸದ್ಯ ಕೆಲಸಕ್ಕೆ ಬರಬೇಡಿ ಎಂದು ಹೇಳಿ ಹೋದರು. ಹೇಳದಿದ್ದರೂ ಮಕ್ಕಳು ಬರುತ್ತಿರಲಿಲ್ಲ. ಹಜಾರ ನಮಗೆ ಹಿಂದಿರುಗಿ ಬಂತು, ಅದನ್ನು ಏನು ಮಾಡುವುದೋ ಯಾರಿಗೂ ತಿಳಿಯಲಿಲ್ಲ. ದೇವರ ಪಟಗಳನ್ನು ಮತ್ತೆ ತಂದು ತೂಗುಹಾಕು ಎಂದು ಅಜ್ಜಿಯೂ ಹೇಳಲಿಲ್ಲ. ಗಂಜಲದ ಚೆಂಬು ಕೊಟ್ಟಿಗೆಯ ಗೂಡಿನಲ್ಲಿ ಕೂತಿತು. ಬಕೆಟ್ಟಿನ ಕಪ್ಪೆಯನ್ನು ಯಾರೋ ಹಿತ್ತಲಾಚೆ ಸುರಿದಿದ್ದರು. ಅದು ಬದುಕಿತೋ ಇಲ್ಲವೋ ಯಾರೂ ಹೋಗಿ ನೋಡಲಿಲ್ಲ. ಅವ್ವ ಬೆಳಿಗ್ಗೆ ಎದ್ದು ಮುದ್ದೆ ತೊಳಸುತ್ತಿದ್ದಳು, ಸಾರು ಕುದಿಸುತ್ತಿದ್ದಳು, ಉಳಿದ ಹೊತ್ತು ನಡುಮನೆಯ ಕತ್ತಲಲ್ಲಿ ಕೂತಿರುತ್ತಿದ್ದಳು. ಮಡಚಿದ ಮಂಡಿಯ ಮೇಲೆ ಗಲ್ಲ ಇಟ್ಟುಕೊಂಡು ಕೂರುತ್ತಿದ್ದವಳನ್ನು ನೋಡಿದರೆ ನನಗೆ ಭಯವಾಗುತ್ತಿತ್ತು. ಅಪ್ಪ ಹೊಲದಿಂದ ಬಂದರೆ ಜಗುಲಿಯ ಮೇಲೇ ಕೂರುತ್ತಿದ್ದ. ಗೋಡು ಹೊಡೆಯುವುದನ್ನು ನಿಲ್ಲಿಸಿದ್ದ. ಅವರಿಬ್ಬರ ನಡುವೆ ಮಾತು ಹೊರುವ ಕೆಲಸ ನನ್ನ ಪಾಲಿಗೆ ಬಂತು.

“ನಿಮ್ಮಪ್ಪಂಗ್ ಏಳು, ಎಸ್ರು ಆರೋಯ್ತಾ ಅದೆ” ಎಂದು ಒಳಗಿನಿಂದ ಅವ್ವನ ದನಿ.

ನಾನು ಜಗುಲಿಗೆ ಹೋಗಿ, “ಅಪ್ಪ, ಅವ್ವ ಕರೀತಾವ್ಳೆ. ನಿಂಗೆ ಇಷ್ಟ ಅಂತ ಉಪ್ಸಾರು ಮಾಡವ್ಳೆ” ಎನ್ನುತ್ತಿದ್ದೆ.

“ಬುಡು, ಅಸಿವಿಲ್ಲ ಅನ್ನು.”

ನಾನು ಒಳಗೆ ಹೋಗಿ, “ಸ್ವಲ್ಪ ತಡೆದು ಬತ್ತೀನಿ, ನೀನು ಉಣ್ಣು ಅಂದ” ಎನ್ನುತ್ತಿದ್ದೆ. ಹೀಗೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಅದರ ಮೊನೆ ಮುರಿಯುವುದನ್ನು ನಾನು ಆ ಮುಂಗಾರಿನಲ್ಲಿ ಕಲಿತೆ. ಇಬ್ಬರಿಗೂ ಅದು ಗೊತ್ತಾಗುತ್ತಿತ್ತೋ ಏನೋ, ಯಾರೂ ನನ್ನನ್ನು ಹಿಡಿದು ಕೇಳಲಿಲ್ಲ. ಮುಂದೆ ನಾನು ಸಂಸಾರ ಮಾಡಿದ್ದೂ, ಕೆಲಸ ಮಾಡಿದ್ದೂ, ಸ್ನೇಹ ಉಳಿಸಿಕೊಂಡದ್ದೂ ಇದೇ ವಿದ್ಯೆಯಿಂದ. ಇದು ಒಳ್ಳೆಯದೆಂದು ನಾನು ಹೇಳುವುದಿಲ್ಲ. ನನ್ನ ಗಂಡ ಒಮ್ಮೆ, ನೀನು ಯಾವತ್ತಾದರೂ ಕೇಳಿದ ಮಾತನ್ನು ಕೇಳಿದ ಹಾಗೆಯೇ ಹೇಳಿದ್ದೀಯಾ ಎಂದು ಕೇಳಿದ್ದರು.

ಮಳೆ ಬಂತು, ಸಸಿ ನಾಟಿಯಾಯಿತು. ನಿಂಗಮ್ಮ ನಮ್ಮ ಹೊಲಕ್ಕೆ ಬರಲಿಲ್ಲ, ಬೇರೆಯವರ ಹೊಲಕ್ಕೆ ಹೋಗುತ್ತಿದ್ದಾಳೆ ಎಂದು ಕೇಳಿದೆವು. ಗಂಡ ಕೊಡಗಿನಿಂದ ಬಂದು ಕಾರ್ಯ ಮುಗಿಸಿಕೊಂಡು ಮತ್ತೆ ಹೋಗಿದ್ದ. ಒಂದು ಮಧ್ಯಾಹ್ನ, ಬ್ಯಾರನ್ನಿಗೆ ಮೊದಲ ಬೆಂಕಿ ಹಾಕಿದ ದಿನ, ಅವಳು ನಮ್ಮ ಹಿತ್ತಲ ಬೇಲಿಯ ಹತ್ತಿರ ಬಂದು ನಿಂತಳು. ನಾನು ಅವ್ವನನ್ನು ಕರೆದೆ. ಅವ್ವ ಬಾಗಿಲ ತನಕ ಬಂದು ಅಲ್ಲೇ ನಿಂತಳು. ಇಬ್ಬರೂ ತುಂಬ ಇಳಿದುಹೋಗಿದ್ದರು.

“ಟೀಚರಮ್ಮೋರೆ,” ನಿಂಗಮ್ಮ ಅಂದಳು, “ನನ್ ಮಗ್ಳು ಅವತ್ತು ಏನ್ ಕಟ್ಟಕ್ ಓಗಿದ್ಲೋ ಅದನ್ನ ನಂಗೆ ಕಟ್ಟಿ ತೋರ್ಸಿ.”

“ಬ್ಯಾಡ ಕಣ್ ನಿಂಗಮ್ಮ.”

“ತೋರ್ಸಿ. ದಿನಾ ಸಂಜೆ ಬಂದು ಅವ್ಳು ಏಳೋಳು, ಇಂಗ್ ಕಟ್ದೆ, ಅಂಗ್ ಕಟ್ದೆ ಅಂತ. ನಾನು ಗೇಯ್ದು ಸುಸ್ತಾಗ್ ಬಂದಿರ್ತಿದ್ದೆ. ಊಂ ಊಂ ಅನ್ಕಂಡು ಒಲೆ ಉರುಸ್ತಿದ್ದೆ. ಒಂದ್ ಮಾತೂ ಕಿವೀಗ್ ಆಕ್ಕಳ್ಳಿಲ್ಲ. ಈಗ ಕೇಳ್ತೀನಿ, ಏಳಿ.”

ಅವ್ವ ನೆಲದ ಮೇಲೆ ಕೂತಳು, ಎದುರಿಗೆ ನಿಂಗಮ್ಮ. ಬ್ಯಾರನ್ನಿನ ಬೆಂಕಿಗೆ ಸೌದೆ ಒಟ್ಟುತ್ತಿದ್ದ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಹಿತ್ತಲ ಮೂಲೆಯಲ್ಲಿ ಉಳಿದಿದ್ದ ಗೋಡಿನ ರಾಶಿಯಿಂದ ಒಂದು ಮಂಕರಿ ಮಣ್ಣು ತುಂಬಿ ತಂದು ಅವರ ನಡುವೆ ಇಳಿಸಿದ. ಒಂದು ಕೊಡ ನೀರನ್ನೂ ತಂದಿಟ್ಟ. ಅವ್ವ ಮಣ್ಣು ಕಲಸಿದಳು. ಮೊದಲು ತಳ, ಆಮೇಲೆ ದಪ್ಪ ಗೋಡೆ, ಇದು ಕಪ್ಪೆ ಮಲಗುವ ಜಾಗ, ಇಲ್ಲಿ ಹುಲ್ಲು ಬೆರೆಸಬೇಕು, ಇಲ್ಲದಿದ್ದರೆ ಸೂರು ಕೂರುವುದಿಲ್ಲ ಎಂದು ಒಂದೊಂದನ್ನೂ ಮಕ್ಕಳಿಗೆ ಹೇಳುವಂತೆಯೇ ಹೇಳಿದಳು. ನಿಂಗಮ್ಮ ಹೇಳಿದಂತೆ ಮಾಡಿದಳು. ಹೊಗೆಸೊಪ್ಪಿನ ಅಂಟು ಹತ್ತಿ ಕಪ್ಪಾಗಿದ್ದ ಅವಳ ಬೆರಳುಗಳು ಮಣ್ಣನ್ನು ತಟ್ಟಿ ತಟ್ಟಿ ನುಣುಪು ಮಾಡಿದವು. “ಈ ಬಾಗ್ಲು ಯಾಕ್ ಓರೆಗೆ?” ಎಂದು ಕೇಳಿದಳು. ಬಿಸಿಲು ನೇರ ಒಳಗೆ ಹೋಗಬಾರದು ಅಂತ ಎಂದಳು ಅವ್ವ. “ಯಾರು ಏಳಿದ್ದು?” “ಅವಳೇ ಕಂಡಿಡಿದಿದ್ದು.” ನಿಂಗಮ್ಮ ಬಗ್ಗಿ ಆ ಓರೆ ಬಾಗಿಲೊಳಕ್ಕೆ ನೋಡಿದಳು.

ಕೊನೆಗೆ ಬಾಗಿಲು ಮುಚ್ಚಲು ಅವ್ವ ಒಂದು ಹಿಡಿ ಮಣ್ಣು ಕೈಗೆ ತೆಗೆದುಕೊಂಡಾಗ ನಿಂಗಮ್ಮ ಅವಳ ಮಣಿಕಟ್ಟು ಹಿಡಿದಳು.

“ಇದ್ನ ಮುಚ್ಚುದ್ ಮ್ಯಾಕೆ ಕಪ್ಪೆ ಉಸಿರು ಎಂಗ್ ಎಳ್ಕತದೆ?”

ಅವ್ವನ ಕೈ ಅಲ್ಲೇ ನಿಂತಿತು. “ಮೈ ಚರ್ಮದಲ್ಲೇ ಎಳ್ಕತದೆ. ಮೈ ಒದ್ದೆಯಾಗಿದ್ರೆ ಸಾಕು, ಮೂಗು ಬೇಕಾಗಲ್ಲ.”

“ಇದ್ನ ಅವಳ್ಗೂ ಏಳಿದ್ರಾ?”

“ಏಳಿದ್ದೆ. ಅದ್ರ ಮುಂಚಿನ ದಿನ ಶನಿವಾರ ಅವಳೇ ಕೇಳಿದ್ಲು.”

“ಮನುಷ್ರಿಗೆ ಅಂಗ್ ಆಗಕ್ಕಿಲ್ಲ ಅಂತ?”

“ಏಳ್ಲಿಲ್ಲ ಕಣ್ ನಿಂಗಮ್ಮ. ಅದ್ನ ಏಳ್ಬೇಕು ಅಂತ ನಂಗ್ ಒಳೀಲಿಲ್ಲ.”

ಕಚೇರಿಯವರು ವಿಚಾರಿಸಿದಾಗಲೂ ಅವ್ವ ಈ ಮಾತು ಹೇಳಿರಲಿಲ್ಲ. ಅವರು ಇದನ್ನು ಕೇಳಿಯೇ ಇರಲಿಲ್ಲ. ನಿಂಗಮ್ಮ ಈಗ ಕೂಗುತ್ತಾಳೆ, ಅವ್ವನ ಮುಖಕ್ಕೆ ಮಣ್ಣು ಎರಚುತ್ತಾಳೆ ಎಂದು ನಾನು ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಮಾತ್ರ ತಾನು ಕಟ್ಟಿದ ಮಣ್ಣಿನ ಮನೆಯ ಮೇಲೆ ಕೈ ಇಟ್ಟುಕೊಂಡು, ಏನನ್ನೋ ಲೆಕ್ಕ ಹಾಕುವವಳಂತೆ ಕೂತಿದ್ದಳು.

“ಅಂಗಾದ್ರೆ ಉಸಿರಾಡ್ಬೋದು ಅಂತ್ಲೇ ಒಳಕ್ಕೋದ್ಲು,” ಎಂದಳು. “ಅಂಗಾದ್ರೆ ಎದ್ರಿಕಂಡಿರಕ್ಕಿಲ್ಲ. ಅಲ್ವಾ ಟೀಚರಮ್ಮೋರೆ? ಬೀಳ್ತಿದ್ದಂಗೆ ಎದ್ರಿಕಂಡಿರಕ್ಕಿಲ್ಲ.”

ಅಪ್ಪ ಸೌದೆ ಕೆಳಗಿಟ್ಟು ಬಂದು ಅವ್ವನ ಪಕ್ಕ ಕುಕ್ಕರುಗಾಲಲ್ಲಿ ಕೂತ.

“ಇಲ್ಲ ಕಣ್ ನಿಂಗಮ್ಮ, ಎದ್ರಿಕಂಡಿರ್ಲಿಲ್ಲ” ಎಂದ. “ಎತ್ಕಂಡೋನು ನಾನೇ ಅಲ್ವಾ? ಮಲಗಿರಂಗೇ ಇತ್ತು ಮೊಗ.”

“ಊಂ,” ಎಂದಳು ಅವ್ವ. “ಎದ್ರಿಕಂಡಿರ್ಲಿಲ್ಲ.”

ನಿಂಗಮ್ಮ ತಲೆಯಾಡಿಸಿದಳು. ಅವ್ವನ ಕೈಯಿಂದ ಆ ಹಿಡಿ ಮಣ್ಣು ತೆಗೆದುಕೊಂಡು ತಾನೇ ಬಾಗಿಲು ಮುಚ್ಚಿ, ಹೆಬ್ಬೆರಳಿನಲ್ಲಿ ಅಂಚು ಸವರಿ, ಎದ್ದು ಹೋದಳು.

ಅಪ್ಪ ಮಾದೇವಿಯನ್ನು ಮಣ್ಣಿನಿಂದ ಎಳೆದಾಗ ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅವಳ ಎರಡೂ ಕೈಯ ಉಗುರುಗಳು ಕಿತ್ತುಬಂದಿದ್ದವು. ಅದನ್ನು ಅಪ್ಪ ನೋಡಿದ್ದ, ತೊಳೆಯುವಾಗ ಅಜ್ಜಿ ನೋಡಿದ್ದಳು, ನಾನು ನೋಡಿದ್ದೆ. ಅಜ್ಜಿ ಸತ್ತಳು, ಅಪ್ಪ ಹೋದ, ಅವ್ವನೂ ಈಗ ಇಲ್ಲ. ನಿಂಗಮ್ಮ ಇದ್ದಾಳೆ. ಊರಿಗೆ ಹೋದಾಗಲೆಲ್ಲ ಅವಳನ್ನು ಕಂಡು ಮಾತಾಡಿಸಿಕೊಂಡು ಬರುತ್ತೇನೆ.